ಹಿರಿಯರ ಹಬ್ಬಕ್ಕೆ ನಮ್ಮ ಮನೆಯಲ್ಲಿ ಎಡೆ ಇಡುವುದು ಹೀಗೆ

ಭಾದ್ರಪದ ಹುಣ್ಣಿಮೆ ಕಳೆದ ಮಾರನೇ ದಿನದಿಂದ ಮಹಾಲಯ ಅಮಾವಾಸ್ಯೆವರೆಗೆ ಪಿತೃಪಕ್ಷ. ಎಡೆ ಯಾವತ್ತು ಅನ್ನೋದು ಮನೆಮನೆಗೂ ಬೇರೆ. ಮಂಡ್ಯ ಕಡೆಯ ನಮ್ಮ ಮನೆಯಲ್ಲಿ ಅಮಾವಾಸ್ಯೆ ದಿನವೇ. 2026ರಲ್ಲಿ ಅದು ಅಕ್ಟೋಬರ್ 10ಕ್ಕೆ ಬರುತ್ತದೆ.

ಮೊದಲು ಕಜ್ಜಾಯ. ಇದನ್ನು ಹಿಂದಿನ ದಿನವೇ ಮುಗಿಸಿಕೊಳ್ಳಿ. ರಾತ್ರಿ ನೆನೆಸಿದ ಅಕ್ಕಿಯನ್ನು ಬಸಿದು, ನೆರಳಲ್ಲಿ ಬಟ್ಟೆ ಮೇಲೆ ಹರಡಿ. ಮುಷ್ಟಿಯಲ್ಲಿ ಹಿಡಿದರೆ ಅಂಗೈ ತಣ್ಣಗಾಗಬೇಕು, ಒದ್ದೆಯಾಗಬಾರದು. ಆಗಲೇ ಹಿಟ್ಟು ಮಾಡಿಸಿ. 1 ಕೆಜಿ ಅಕ್ಕಿಗೆ ಮುಕ್ಕಾಲು ಕೆಜಿ ಬೆಲ್ಲ. ಪಾಕದ ಹನಿ ನೀರಿಗೆ ಬಿದ್ದರೆ ಮೆತ್ತನೆ ಉಂಡೆ ಆಗಬೇಕು. ಅತ್ತೆ ಹೋದ ಮೊದಲ ವರ್ಷ ನನ್ನ ಪಾಕ ಎಳೆಯದಾಗಿ, ಕಜ್ಜಾಯ ಎಣ್ಣೆಯಲ್ಲೇ ಬಿಚ್ಚಿಕೊಂಡಿತು. ಅವರಿದ್ದಿದ್ದರೆ ಹಿಟ್ಟು ಮುಟ್ಟಿಯೇ ಹೇಳುತ್ತಿದ್ದರು. ಒಲೆ ಮುಂದೆ ಕೂತು ಅತ್ತುಬಿಟ್ಟೆ.

ಅಮಾವಾಸ್ಯೆ ದಿನ ತಲೆಗೆ ನೀರು ಹಾಕಿಕೊಂಡು ಅಡುಗೆಗೆ ಇಳಿಯಿರಿ. ರುಚಿ ನೋಡುವ ಹಾಗಿಲ್ಲ, ಉಪ್ಪು ಖಾರ ಎಲ್ಲ ಕೈ ಅಂದಾಜು. ನಮ್ಮಲ್ಲಿ ಮುದ್ದೆ, ನಾಟಿಕೋಳಿ ಸಾರು, ವಡೆ, ಪಾಯಸ. ಮಾಂಸ ತಿನ್ನದ ಮನೆಗಳಲ್ಲಿ ಸಿಹಿ ಅಡುಗೆಯೇ ಎಡೆಗೆ.

ಗೋಡೆ ಪಕ್ಕ ಮಣೆ ಹಾಕಿ ಕಳಶ ಇಡಿ. ಹೊಸ ಸೀರೆ, ಪಂಚೆ, ಫೋಟೋ ಇಡಿ. ಒಬ್ಬೊಬ್ಬರ ಹೆಸರು ಹೇಳಿ ಒಂದೊಂದು ಬಾಳೆ ಎಲೆ ಹಾಕಿ. ಅವರವರಿಗೆ ಏನು ಇಷ್ಟವೋ ಅದನ್ನು ಮಾತ್ರ ಮರೆಯಬೇಡಿ, ಎಡೆ ಅಂದರೆ ಅದೇ ಅಲ್ವಾ? ಮಾವನ ಎಲೆಗೆ ಬೀಡಿ ಕಟ್ಟು. ಅತ್ತೆಗೆ ವೀಳ್ಯದೆಲೆ, ಅಡಿಕೆ, ಚಿಟಿಕೆ ಹೊಗೆಸೊಪ್ಪು. ಅವರ ಹಾಗೆ ಎಲೆಯ ಬೆನ್ನಿಗೆ ಸುಣ್ಣ ಸವರಿ, ಮಡಿಸಿ ಇಡುತ್ತೇನೆ. ಐದು ವರ್ಷಕ್ಕೇ ಹೋದ ಮಾವನ ತಮ್ಮನಿಗೂ ಪುಟ್ಟ ಎಲೆ, ಮೇಲೆರಡು ಪೆಪ್ಪರ್‌ಮೆಂಟು. ಮದುವೆಯಾಗದವರು, ಮಕ್ಕಳಿಲ್ಲದವರು ಯಾರನ್ನೂ ಬಿಡಬೇಡಿ. ಅವರನ್ನು ನೆನೆಯೋಕೆ ನಾವು ಬಿಟ್ಟರೆ ಇನ್ಯಾರು?

ಧೂಪ ಹಾಕಿ, ಎಲ್ಲರೂ ಅಡ್ಡಬಿದ್ದು, ಬಾಗಿಲು ಮುಂದೆ ಮಾಡಿಕೊಂಡು ಜಗುಲಿಗೆ ಬನ್ನಿ. ಹತ್ತು ಹದಿನೈದು ನಿಮಿಷ ಒಳಗೆ ಹೋಗಬೇಡಿ. ಮಕ್ಕಳೂ ಪಿಸುಮಾತಾಡುತ್ತಾರೆ. ಆಮೇಲೆ ಸುಮ್ನೆ ತಳ್ಳಿಬಿಡಬೇಡಿ, ಬಾಗಿಲು ತಟ್ಟಿ ಒಳಗೆ ಹೋಗಿ.

ಪ್ರತಿ ಎಲೆಯಿಂದ ಒಂದೊಂದು ತುತ್ತು ತೆಗೆದು ತಾರಸಿ ಮೇಲೆ ಇಟ್ಟು ಕಾಗೆಗೆ ಕಾಯಿರಿ. ಅದು ಮುಟ್ಟಿದ ಮೇಲೆ ನಮ್ಮ ಊಟ. ಅತ್ತೆಯ ಎಲೆಯಲ್ಲಿ ನಾನೇ ಉಣ್ಣುವುದು.