ಓದುವುದು ಫೋನ್ ಇಟ್ಟ ಮೇಲೆ: ಡಯಲ್-ಅಪ್ ಬಿಬಿಎಸ್‌ನಲ್ಲಿ ಆಫ್‌ಲೈನ್ ಮೇಲ್ ಜೋಡಿಸುವ ಬಗೆ

ಶಿರಸಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ. ರಾತ್ರಿ ಹತ್ತರ ಮೇಲೆ ಫೋನ್ ಬಂದರೆ ಅದೇ ಎತ್ತಿಕೊಳ್ಳುತ್ತದೆ. ಹೊನ್ನಾವರದ ನೆಂಟರೊಬ್ಬರು ಒಮ್ಮೆ ಹನ್ನೊಂದಕ್ಕೆ ಫೋನ್ ಮಾಡಿ, ಕಂಪ್ಯೂಟರನ್ನು ಫೋನ್ ತಂತಿಗೆ ಜೋಡಿಸುವ ಮೋಡೆಮ್ ಕಿರುಚಿದ್ದು ಕೇಳಿ, ಬೆಳಿಗ್ಗೆ ಮೊಬೈಲಿಗೆ ಮಾಡಿ 'ನಿಮ್ಮನೆ ಫೋನಿಗೆ ಏನೋ ಮೆಟ್ಟಿಕೊಂಡಿದೆ' ಎಂದರು. ಮೆಟ್ಟಿಕೊಂಡದ್ದು ಬಿಬಿಎಸ್, ಅಂದರೆ ಬುಲೆಟಿನ್ ಬೋರ್ಡ್ ಸಿಸ್ಟಮ್. ಕಾರವಾರ, ಕುಮಟಾ, ಯಲ್ಲಾಪುರದ ಐದಾರು ಜನ ಹವ್ಯಾಸಕ್ಕೆಂದು ಅದಕ್ಕೆ ಡಯಲ್ ಮಾಡಿ ಪತ್ರ ಹಾಕುತ್ತಾರೆ, ಬಂದದ್ದನ್ನು ಒಯ್ಯುತ್ತಾರೆ.

ಈ ಹುಚ್ಚು ಹೊಸದಲ್ಲ. 1978ರ ಜನವರಿಯಲ್ಲಿ ಷಿಕಾಗೋದಲ್ಲಿ ಹಿಮ ಬಿದ್ದು ಊರೇ ಮನೆಯೊಳಗೆ ಕೂತಾಗ ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ‍್ಯಾಂಡಿ ಸೂಸ್ ಮೊದಲ ಬಿಬಿಎಸ್ ಕಟ್ಟಲು ಕೈಹಾಕಿದರು. ಫೆಬ್ರುವರಿ 16ಕ್ಕೆ ಅದು ಚಾಲೂ ಆಯಿತು. ಅವರಿಗೆ ಹಿಮವಾದರೆ ನಮಗೆ ಆರಿದ್ರೆ ಮಳೆ, ಅಷ್ಟೇ ವ್ಯತ್ಯಾಸ. ಬೆಂಗಳೂರಿನಲ್ಲಿ ಅತುಲ್ ಚಿಟ್ನಿಸ್ 1989ರಲ್ಲೇ 'ಸಿಕ್ಸ್' ಎಂಬ ಬಿಬಿಎಸ್ ನಡೆಸುತ್ತಿದ್ದರು. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ಕ್ಕೆ.

ಬಿಬಿಎಸ್‌ನ ಕಷ್ಟ ಒಂದೇ: ಲೈನ್ ಒಂದು, ಆದ್ದರಿಂದ ಒಳಗೆ ಬರುವವರೂ ಒಮ್ಮೆಗೆ ಒಬ್ಬರೇ. ಕಾರವಾರದವರು ನೂರು ಪತ್ರ ಓದುತ್ತ ಮುಕ್ಕಾಲು ತಾಸು ಕೂತರೆ ಕುಮಟಾದವರಿಗೆ ಎಂಗೇಜ್ ಟೋನೇ ಗತಿ. ಪತ್ರಗಳನ್ನು ಒಂದು ಕಟ್ಟು ಕಟ್ಟಿ ಇಳಿಸಿಕೊಂಡು, ಫೋನ್ ಇಟ್ಟು, ಆಮೇಲೆ ಓದಿದರೆ? ಒಂದೂವರೆ ಕಿಲೋಬೈಟಿನ ನೂರು ಪತ್ರ ಜಿಪ್ ಆದರೆ, ಅಂದರೆ ಒತ್ತಿ ಚಿಕ್ಕದಾದರೆ, ಸುಮಾರು 60 ಕಿಲೋಬೈಟ್. 2400 ಬಿಟ್ ವೇಗದ ಮೋಡೆಮ್‌ನಲ್ಲಿ ಸೆಕೆಂಡಿಗೆ 240 ಬೈಟ್ ಎಂದು ಹಿಡಿದರೆ ನಾಲ್ಕು ನಿಮಿಷ ಚಿಲ್ಲರೆ, 14,400ರದ್ದಾದರೆ ಮುಕ್ಕಾಲು ನಿಮಿಷ. ಎಸ್‌ಟಿಡಿಗೆ ರಾತ್ರಿಯ ಕಾಲು ದರ ಕಾಯುತ್ತಿದ್ದ ಕಾಲದಲ್ಲಿ ಈ ಲೆಕ್ಕಕ್ಕೆ ಇನ್ನೂ ಬೆಲೆಯಿತ್ತು.

ಆ ಕಟ್ಟಿಗೆ ಕ್ಯೂಡಬ್ಲ್ಯುಕೆ ಪ್ಯಾಕೆಟ್ ಎಂದು ಹೆಸರು. ಮಾರ್ಕ್ ಹೆರಿಂಗ್ ಎಂಬವರು 1987ರಲ್ಲಿ ರೂಪಿಸಿದ್ದು. ನಾವು ಟಪಾಲು ಚೀಲ ಎನ್ನುತ್ತೇವೆ.

ಮೊದಲು ಲೈನ್ ಸರಿ ಮಾಡಿ

ಮೋಡೆಮ್ ಹೊರಗೆ ಇಡುವಂಥದ್ದೇ ಒಳ್ಳೆಯದು; ದೀಪ ನೋಡಿದರೆ ಎಲ್ಲಿ ಸಿಕ್ಕಿಬಿತ್ತೆಂದು ತಿಳಿಯುತ್ತದೆ. ಮೋಡೆಮ್ ಜೊತೆ ಮಾತಾಡುವ ಟರ್ಮಿನಲ್ ಪ್ರೋಗ್ರಾಂಗೆ ಹಳೆಯ ಆಪರೇಟಿಂಗ್ ಸಿಸ್ಟಮ್ ಆದ ಡಾಸ್‌ನಲ್ಲಿ ಟೆಲಿಕ್ಸ್, ಲಿನಕ್ಸ್‌ನಲ್ಲಿ ಮಿನಿಕಾಮ್ ಸಾಕು. ಅದರ ಸೆಟ್ಟಿಂಗ್ ಹೀಗಿರಲಿ: 8 ಡೇಟಾ ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್, ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಆನ್.

ಹೊರದೇಶದ ಕೆಲವು ಮೋಡೆಮ್‌ಗಳಿಗೆ ನಮ್ಮ ಡಯಲ್ ಟೋನ್ ಗುರುತು ಹತ್ತುವುದಿಲ್ಲ. ಕಿವಿಗಿಟ್ಟರೆ ಟೋನ್ ಸ್ಪಷ್ಟ, ಪರದೆಯ ಮೇಲೆ 'ನೋ ಡಯಲ್‌ಟೋನ್'. ಆಗ ಎಟಿಎಕ್ಸ್3 ಎಂದು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಟೋನಿಗೆ ಕಾಯದೆ ನಂಬರ್ ತಿರುಗಿಸುತ್ತದೆ, ಆದರೆ ಎಂಗೇಜ್ ಇದ್ದರೆ ಹೇಳುತ್ತದೆ. ಡಯಲ್‌ಗೆ ಎಟಿಡಿಟಿ ಮತ್ತು ನಂಬರ್. ಕಾಲ್ ವೇಟಿಂಗ್ ಇದ್ದರೆ ತೆಗೆಸಿ, ನಡುವೆ ಬರುವ ಆ ಟಿಂಗ್ ಒಂದೇ ಸಾಕು ಸಂಪರ್ಕ ಕಡಿಯಲು. ನಿಮ್ಮ ಲೈನ್ ತಾಮ್ರದಿಂದ ಫೈಬರ್‌ಗೆ ಹೋಗಿದ್ದರೆ ಹೆಚ್ಚಿನ ವೇಗಕ್ಕೆ ಆಸೆಪಡಬೇಡಿ. ಧ್ವನಿ ಅಲ್ಲಿ ತುಂಡುತುಂಡಾಗಿ ಸಾಗುವುದರಿಂದ ಮೋಡೆಮ್‌ಗೆ ತಲೆ ಕೆಡುತ್ತದೆ. 2400ಕ್ಕೆ ಇಳಿಸಿ ನೋಡಿ.

ಬಿಬಿಎಸ್ ಇಡುವವರ ಕಡೆ ಕೆಲಸ

ಬಿಬಿಎಸ್ ನೋಡಿಕೊಳ್ಳುವವರನ್ನು ಸಿಸಾಪ್ ಎನ್ನುತ್ತಾರೆ. ಸಿಂಕ್ರೋನೆಟ್ ಎಂಬ ಬಿಬಿಎಸ್ ತಂತ್ರಾಂಶ ಹಾಕಿಕೊಂಡಿದ್ದರೆ ಚೀಲ ಕಟ್ಟುವ ಸೌಲಭ್ಯ ಒಳಗೇ ಇದೆ. ಹಳೆಯ ಡಾಸ್ ತಂತ್ರಾಂಶಗಳಲ್ಲಿ ಅನೇಕಕ್ಕೆ ಚೀಲ ಕಟ್ಟುವ ಮೇಲ್ ಡೋರ್ ಎಂಬ ಪ್ರೋಗ್ರಾಂ ಅನ್ನು ಬೇರೆಯಾಗಿ ಜೋಡಿಸಬೇಕು. ಯಾವುದಾದರೂ ಮೊದಲು ಕೇಳುವುದು ಎಂಟು ಅಕ್ಷರ ಮೀರದ ಗುರುತು. ನಮ್ಮದು 'ಬಿಡ್ಕಿ', ಜಾತ್ರೆಗೆ ಮಾರಿಕಾಂಬೆ ಬಂದು ಕೂರುವ ಬಿಡಕಿಬೈಲಿನ ಬಿಡ್ಕಿ. ಗುರುತನ್ನು ಯೋಚಿಸಿ ಇಡಿ. ಬರುವ ಚೀಲದ ಹೆಸರೂ ಹೋಗುವ ಚೀಲದ ಹೆಸರೂ ಅದೇ, ನಡುವೆ ಬದಲಿಸಿದರೆ ಎಲ್ಲರ ಉತ್ತರಗಳೂ ವಾಪಸು ಬೀಳುತ್ತವೆ.

ಆಮೇಲೆ ಕಾನ್ಫರೆನ್ಸ್‌ಗಳು, ಅಂದರೆ ವಿಷಯದ ಕಪಾಟುಗಳು. ನಾಲ್ಕು ಸಾಕು. ನಾನು ಉತ್ಸಾಹದಲ್ಲಿ ಹದಿನಾಲ್ಕು ಮಾಡಿದ್ದೆ. ಅಡಿಕೆ ಮತ್ತು ಹರಟೆ ಬಿಟ್ಟರೆ ಉಳಿದವು ಖಾಲಿ. ಮೋಡೆಮ್‌ನ ಎಸ್0 ರಿಜಿಸ್ಟರ್‌ಗೆ 1 ಕೊಟ್ಟರೆ ಮೊದಲ ರಿಂಗಿಗೇ ಎತ್ತಿಕೊಳ್ಳುತ್ತದೆ. ಮನೆಯ ಫೋನೇ ಆದರೆ ಸಮಯ ಗೊತ್ತುಮಾಡಿ ಬೀದಿಗೆಲ್ಲ ಹೇಳಿಬಿಡಿ. ನೆಂಟರಿಗೂ.

ಕರೆ ಮಾಡುವವರ ಮೊದಲ ರಾತ್ರಿ

ಲಾಗಿನ್ ಆಗಿ ಕ್ಯೂಡಬ್ಲ್ಯುಕೆ ಮೆನುಗೆ ಹೋಗಿ, ಬೇಕಾದ ಕಾನ್ಫರೆನ್ಸ್‌ಗಳಿಗೆ ಗುರುತು ಹಾಕಿ. ಆರ್ಕೈವ್ (ಚೀಲ ಕಟ್ಟುವ ಬಗೆ) ಜಿಪ್, ಪ್ರೋಟೊಕಾಲ್ (ಫೈಲ್ ಸಾಗಿಸುವ ಬಗೆ) ಝಡ್‌ಮೋಡೆಮ್ ಎಂದು ಆರಿಸಿ.

ಎಲ್ಲರೂ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ನೀವು ಎಲ್ಲಿಯವರೆಗೆ ಓದಿದ್ದೀರಿ ಎಂಬುದಕ್ಕೆ ಬಿಬಿಎಸ್ ಪ್ರತಿ ಕಾನ್ಫರೆನ್ಸ್‌ನಲ್ಲೂ ಒಂದು ಪಾಯಿಂಟರ್ ಇಟ್ಟಿರುತ್ತದೆ. ಹೊಸಬರದ್ದು ಸೊನ್ನೆ. ಹಾಗೇ ಡೌನ್‌ಲೋಡ್ ಒತ್ತಿದರೆ ಬಿಬಿಎಸ್ ಹುಟ್ಟಿದ ದಿನದಿಂದ ಇದ್ದಬದ್ದ ಪತ್ರವೆಲ್ಲ ಚೀಲಕ್ಕೆ ಬೀಳುತ್ತದೆ. ಕೊನೆಯ 50ಕ್ಕೆ ಪಾಯಿಂಟರ್ ತಂದು ನಿಲ್ಲಿಸಿ, ಆಮೇಲೆ ಚೀಲ ಕೇಳಿ.

ಇಳಿಸುವಾಗ ಲೈನ್ ಕಡಿದರೆ? ಝಡ್‌ಮೋಡೆಮ್‌ನ ದೊಡ್ಡ ಗುಣವೇ ಬಿಟ್ಟಲ್ಲಿಂದ ಮುಂದುವರಿಸುವುದು. ಅದನ್ನೇ ಇಲ್ಲಿ ನಂಬಬಾರದು. ಎರಡನೇ ಸಲ ಕೇಳಿದಾಗ ಬಿಬಿಎಸ್ ಚೀಲವನ್ನು ಹೊಸದಾಗಿ ಕಟ್ಟುತ್ತದೆ. ಹೆಸರು ಅದೇ, ಒಳಗಿನದು ಬೇರೆ ಇರಬಹುದು. ಹಳೆಯ ಅರ್ಧಕ್ಕೆ ಹೊಸ ಅರ್ಧ ಹೊಲಿದರೆ ಜಿಪ್ ಬಿಚ್ಚುವುದಿಲ್ಲ. ಇದು ಅರ್ಥವಾಗದೆ ನಾನು ಒಂದು ವಾರ ಮೋಡೆಮ್‌ಗೆ ಬೈದಿದ್ದೇನೆ. ಅರ್ಧ ಇಳಿದ ಫೈಲನ್ನು ಅಳಿಸಿ, ಮತ್ತೆ ಡಯಲ್ ಮಾಡಿ. ಪೂರ್ತಿ ತಲುಪಿದ ಮೇಲಷ್ಟೇ ಪಾಯಿಂಟರ್ ಮುಂದೆ ಸರಿಯುವುದರಿಂದ ಪತ್ರವೇನೂ ಕಳೆಯುವುದಿಲ್ಲ.

ಚೀಲ ಬಿಚ್ಚಿ ಓದುವುದು

ಓದಲು ಆಫ್‌ಲೈನ್ ರೀಡರ್ ಬೇಕು. ಡಾಸ್ ಕಾಲದಲ್ಲಿ ಎಸ್‌ಎಲ್‌ಎಮ್‌ಆರ್ ಬಲು ಓಡುತ್ತಿತ್ತು. ಈಗಿನ ಯಂತ್ರಗಳಿಗೆ ಮಲ್ಟಿಮೇಲ್: ಉಚಿತ, ಲಿನಕ್ಸ್‌ನಲ್ಲೂ ವಿಂಡೋಸ್‌ನಲ್ಲೂ ನಡೆಯುತ್ತದೆ. ಬಂದ ಚೀಲಕ್ಕೆ ಒಂದು ಫೋಲ್ಡರ್, ಹೋಗುವ ಚೀಲಕ್ಕೆ ಇನ್ನೊಂದು. ಚೀಲ ಕಂಡರೂ ತೆರೆಯದಿದ್ದರೆ ನೂರಕ್ಕೆ ತೊಂಬತ್ತು ಸಲ ಅನ್‌ಜಿಪ್ ಪ್ರೋಗ್ರಾಂ ಹಾಕಿಕೊಂಡಿಲ್ಲ ಎಂದೇ ಅರ್ಥ.

ಚೀಲದೊಳಗೆ ಕುತೂಹಲಕ್ಕೆ ಇಣುಕಬಹುದು. ಪತ್ರಗಳೆಲ್ಲ ಒಂದೇ ಫೈಲಿನಲ್ಲಿ, 128 ಬೈಟ್‌ಗಳ ಕಂತುಗಳಾಗಿ ಕೂತಿರುತ್ತವೆ. ಪ್ರತಿ ಪತ್ರದ ಮೊದಲ ಕಂತು ಲಕೋಟೆಯ ವಿಳಾಸವಿದ್ದ ಹಾಗೆ: ಯಾರಿಗೆ, ಯಾರಿಂದ, ವಿಷಯ, ತಲಾ 25 ಬೈಟ್. ಕನ್ನಡಕ್ಕೆ ಪೆಟ್ಟು ಬೀಳುವುದು ಇಲ್ಲೇ. ಯುನಿಕೋಡ್‌ನ ಯುಟಿಎಫ್-8ರಲ್ಲಿ ನಮ್ಮ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತದ ಚಿಹ್ನೆಗೂ ಮೂರು ಮೂರು ಬೈಟ್. 'ಅಡಿಕೆ ಧಾರಣೆ' ಎಂದು ವಿಷಯ ಬರೆದರೆ 31 ಬೈಟ್ ಆಗುತ್ತದೆ. 25ಕ್ಕೆ ಕತ್ತರಿಸಿದಾಗ ಉಳಿಯುವುದು 'ಅಡಿಕೆ ಧಾರ'. 'ಅಡಿಕೆ ದರ' ಎಂದರೆ 22, ಆರಾಮ ಹಿಡಿಯುತ್ತದೆ. ಹಿಡಿದರೂ ಡಾಸ್ ಪರದೆಯಲ್ಲಿ ಅದು ಕನ್ನಡವಾಗಿ ಮೂಡುವುದಿಲ್ಲ. ಅಕ್ಷರ ಅಕ್ಷರಕ್ಕೂ ಒಂದು ಗ್ರೀಕ್ ಆಲ್ಫಾ, ಪಕ್ಕದಲ್ಲಿ ಚುಕ್ಕಿ ತುಂಬಿದ ಡಬ್ಬಿ ಅಥವಾ ಉದ್ದಗೀಟು. ಹಾಗಾಗಿ ನಾವು ಹಳೆಯ ಎಸ್ಸೆಮ್ಮೆಸ್ ರೀತಿಯಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತೇವೆ. ಬೇಸರವೇ, ಆದರೆ ನಡೆಯುತ್ತದೆ.

ಒಂದು ಸಮಾಧಾನವಿದೆ. ಈ ವ್ಯವಸ್ಥೆಯಲ್ಲಿ ಸಾಲು ಮುರಿಯುವ ಗುರುತು 227ನೇ ಬೈಟ್. ಕನ್ನಡ ಅಕ್ಷರಗಳಲ್ಲಿ ಆ ಬೈಟ್ ಎಲ್ಲೂ ಬರುವುದಿಲ್ಲ. ಜಪಾನಿಯರ ಹಿರಗಾನ ಲಿಪಿ ಶುರುವಾಗುವುದೇ ಅದರಿಂದ, ಅವರ ಪಾಡು ಯಾರಿಗೂ ಬೇಡ.

ಉತ್ತರ ಕಳಿಸುವುದು

ಓದುತ್ತ ಓದುತ್ತ ಉತ್ತರ ಬರೆಯಿರಿ, ಅವಸರವಿಲ್ಲ. ಕರೆಂಟು ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಮುಂದುವರಿಸಿ. ಲೈನ್ ಹೇಗೂ ಬೇಕಿಲ್ಲ. ಮುಗಿಸಿದ ಮೇಲೆ ರೀಡರ್ ಎಲ್ಲವನ್ನೂ ಸೇರಿಸಿ 'ಬಿಡ್ಕಿ.ರೆಪ್' ಎಂಬ ಚೀಲ ಕಟ್ಟಿಕೊಡುತ್ತದೆ. ಆ ಹೆಸರನ್ನು ಮುಟ್ಟಬೇಡಿ. ಕುಮಟಾದ ಗೆಳೆಯರೊಬ್ಬರು ಗುರುತಿಗಿರಲಿ ಎಂದು ಹೆಸರಿನ ಮುಂದೆ ತಾರೀಖು ಸೇರಿಸಿದ್ದರು, ನಮ್ಮ ಬಿಬಿಎಸ್ ಯಾರದೋ ಪಾರ್ಸೆಲ್ ಎಂದು ತಳ್ಳಿಬಿಟ್ಟಿತು.

ಮರುದಿನದ ಕರೆಯಲ್ಲಿ ಮೊದಲು ಅಪ್‌ಲೋಡ್, ಆಮೇಲೆ ಡೌನ್‌ಲೋಡ್. ತಲುಪಿತೆಂದು ಬಿಬಿಎಸ್ ಹೇಳಿದ ಕೂಡಲೇ ನಿಮ್ಮ ಕಡೆಯ ರೆಪ್ ಫೈಲ್ ಅಳಿಸಿ. ಅಳಿಸದೆ ಮಾರನೇ ದಿನ ಅದನ್ನೇ ಮತ್ತೆ ಏರಿಸಿದರೆ ನಿಮ್ಮ ಮಾತು ಎಲ್ಲರಿಗೂ ಎರಡೆರಡು ಸಲ ಹೋಗುವ ಸಾಧ್ಯತೆ ಇದೆ. ಪರೀಕ್ಷೆಗೆ ಮೊದಲ ಪತ್ರವನ್ನು ಸಿಸಾಪ್‌ಗೇ ಬರೆಯಿರಿ. ಪಾಪ, ಅವರಿಗೂ ಪತ್ರ ಬರಲಿ.

ಕರೆ ಮುಗಿಯಿತೆಂದರೆ ಫೋನ್ ತಂತಿಯನ್ನು ಗೋಡೆಯ ಸಾಕೆಟ್ಟಿನಿಂದ ಕೀಳಿ. ಸ್ವಿಚ್ ಆರಿಸಿದರೆ ಸಾಲದು, ಸಿಡಿಲು ಫೋನ್ ತಂತಿಯಿಂದಲೂ ಒಳಗೆ ಬರುತ್ತದೆ. ಸುರಿಯುವ ಆಷಾಢಕ್ಕಿಂತ ಅದಕ್ಕೆ ಮುಂಚಿನ ಕೃತ್ತಿಕೆ, ರೋಹಿಣಿ, ಆಮೇಲಿನ ಚಿತ್ತೆ ಮಳೆಯ ಸಂಜೆಗಳಲ್ಲಿ ಗುಡುಗು ಜೋರು. ನನ್ನ ಮೊದಲ ಮೋಡೆಮ್ ಹೋದದ್ದು ಅಂಥದೇ ಒಂದು ಸಂಜೆ, ಬಿಬಿಎಸ್ ಶುರುವಾಗಲು ಇನ್ನೂ ಮೂರು ತಾಸು ಇರುವಾಗ.