ಅನುದಾನದ ಅರ್ಜಿಯನ್ನು ನಾವು ಎರಡು ಸಲ ಬರೆದೆವು

2024ರ ಆಗಸ್ಟ್ 4, ಭಾನುವಾರ. ಇಂಗ್ಲೆಂಡಿನ ಮಿಡಲ್ಸ್‌ಬರೋದಲ್ಲಿ ಗಲಭೆ ಆದ ದಿನ. ಸೌತ್‌ಪೋರ್ಟ್‌ನಲ್ಲಿ ಕೆಲವು ದಿನ ಮೊದಲಷ್ಟೇ ಮೂವರು ಪುಟ್ಟ ಹೆಣ್ಣುಮಕ್ಕಳ ಕೊಲೆಯಾಗಿತ್ತು. ಕೊಂದವನು ವಲಸೆ ಬಂದವನು ಎಂಬ ಸುಳ್ಳು ಸುದ್ದಿ ಹಬ್ಬಿ ಹಲವು ಊರುಗಳಲ್ಲಿ ಶುರುವಾದ ಗಲಾಟೆ ನಮ್ಮಲ್ಲಿಗೂ ಬಂತು. ಕಾರು ತಡೆದು ನಿಲ್ಲಿಸಿ, ನೀನು ಬಿಳಿಯನಾ, ಇಂಗ್ಲಿಷಿನವನಾ ಎಂದು ಕೇಳಿದ ವಿಡಿಯೋ ನೀವೂ ನೋಡಿರಬಹುದು, ಅದು ನಮ್ಮ ಊರು. ಮರುದಿನ ಬೆಳಿಗ್ಗೆ ಪೊರಕೆ ಹಿಡಿದು ಬಂದು ಬೀದಿಯ ಗಾಜಿನ ಚೂರು ಗುಡಿಸಿದ ಜನರಿದ್ದಾರಲ್ಲ, ಅವರೂ ನಮ್ಮ ಊರಿನವರೇ.

ಆ ವಾರ ದಾವಣಗೆರೆ ಕಡೆಯ ಹುಡುಗಿಯೊಬ್ಬಳು ಫೋನ್ ಮಾಡಿದಳು. ಕೇರ್ ವೀಸಾದಲ್ಲಿ, ಅಂದರೆ ಆರೈಕೆ ಕೆಲಸದ ವೀಸಾದಲ್ಲಿ, ಬಂದವಳು. ವಯಸ್ಸಾದವರ ಮನೆಮನೆಗೆ ಹೋಗಿ ಸ್ನಾನ ಮಾಡಿಸುವುದು, ಮಾತ್ರೆ ಕೊಡುವುದು, ಊಟ ಬಿಸಿ ಮಾಡಿಕೊಡುವುದು ಅವಳ ಕೆಲಸ, ಓಡಾಟವೆಲ್ಲ ಬಸ್ಸಿನಲ್ಲಿ. "ಅಕ್ಕಾ, ಇವತ್ತು ಸಂಜೆ ಡ್ಯೂಟಿ ಇದೆ, ಹೇಗೆ ಹೋಗಲಿ?" ಎಂದಳು. ಅವತ್ತು ನನ್ನ ಗಂಡ ಕಾರಿನಲ್ಲಿ ಬಿಟ್ಟು ಬಂದರು. ಆದರೆ ಅದು ಒಂದು ಸಂಜೆಯ ಮಾತು, ಅಲ್ವಾ.

ನಾವು ಏಳೆಂಟು ಕನ್ನಡದ ಮನೆಯವರು ಸೇರಿ ಏನಾದರೂ ಮಾಡಬೇಕು ಅಂದುಕೊಂಡೆವು. ಮೊದಲ ಅರ್ಜಿ ಬರೆದದ್ದು ಅನುದಾನ ಕೊಡುವ ಒಂದು ಚಿಕ್ಕ ನಿಧಿಗೆ. ಎಲ್ಲ ದೇಶದವರನ್ನೂ ಕರೆದು ದೀಪಾವಳಿ ಮಾಡೋಣ, ಕುಣಿತ, ಊಟ, ಜಾಗೃತಿ ಮೂಡಿಸೋಣ ಎಂದು ಬರೆದೆವು. ತಿರಸ್ಕಾರ ಆಯಿತು. ಕಾರಣ ಕೇಳಿ ಫೋನ್ ಮಾಡಿದೆ, ಇದನ್ನು ಮಾತ್ರ ಎಲ್ಲರೂ ಮಾಡಿ, ಸಾಮಾನ್ಯವಾಗಿ ಹೇಳುತ್ತಾರೆ. ಆ ಕಡೆಯ ಮಹಿಳೆ ಸಮಾಧಾನವಾಗಿ ಕೇಳಿದರು: ಹಬ್ಬ ಮುಗಿದ ಮೇಲೆ, ರಾತ್ರಿ ಬಸ್‌ಸ್ಟಾಪಿನಲ್ಲಿ ನಿಂತವರಿಗೆ ಏನು ಬದಲಾಗಿರುತ್ತದೆ? ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಹುಡುಗಿಯನ್ನು ನೆನೆದೇ ಶುರು ಮಾಡಿದ್ದು, ಅರ್ಜಿಯಲ್ಲಿ ಅವಳೇ ಇರಲಿಲ್ಲ.

ಎರಡನೆಯ ಸಲ ಬರೆಯುವ ಮೊದಲು ಎರಡು ತಿಂಗಳು ಸುಮ್ನೆ ಜನರ ಮಾತು ಕೇಳಿದೆವು. ಕೇರ್ ಕೆಲಸದವರು ಕೇರಳದವರಿದ್ದರು, ನೈಜೀರಿಯಾ, ಜಿಂಬಾಬ್ವೆಯವರಿದ್ದರು. ಬಾಗಿಲು ತೆರೆದು "ಬಿಳಿಯರನ್ನು ಕಳಿಸಿ" ಎಂದವರ ಕತೆ ಹೆಚ್ಚುಕಮ್ಮಿ ಎಲ್ಲರ ಹತ್ತಿರವೂ ಇತ್ತು. ದೂರು ಕೊಟ್ಟವರು ಯಾರೂ ಇಲ್ಲ. ಇವರ ವೀಸಾ ಕೆಲಸ ಕೊಟ್ಟವರಿಗೆ ಅಂಟಿಕೊಂಡಿರುತ್ತದೆ. ಕೆಲಸ ಹೋದರೆ ಸಾಮಾನ್ಯವಾಗಿ 60 ದಿನದೊಳಗೆ ಬೇರೆ ಸ್ಪಾನ್ಸರ್, ಅಂದರೆ ವೀಸಾದ ಹೊಣೆ ಹೊರುವ ಕೆಲಸದಾತರನ್ನು, ಹುಡುಕಬೇಕು, ಇಲ್ಲವೇ ದೇಶ ಬಿಡಬೇಕು. ಯಾರು ತಾನೇ ಬಾಯಿ ತೆರೆದಾರು?

ಇನ್ನೊಂದು ಮಾತು ಬರೆಯಲೇಬೇಕು. ಜಿಂಬಾಬ್ವೆಯ ಒಬ್ಬ ತಾಯಿ ನನ್ನ ಮುಖ ನೋಡಿ, ತನಗೆ ಜಾಸ್ತಿ ನೋವು ಕೊಟ್ಟದ್ದು ಒಬ್ಬ ಭಾರತೀಯ ಸೂಪರ್‌ವೈಸರ್ ಎಂದರು. ಕಪ್ಪು ಬಣ್ಣದ ಬಗ್ಗೆ ನಮ್ಮ ಮನೆಗಳಲ್ಲಿ ಆಡುವ ಮಾತುಗಳೆಲ್ಲ ನೆನಪಾಗಿ ತಲೆ ತಗ್ಗಿತು. ನಮ್ಮ ಗುಂಪಿನಲ್ಲೇ ಒಬ್ಬರು, ಅವರ ಕಷ್ಟ ಅವರಿಗೆ, ನಾವು ನಮ್ಮವರನ್ನು ನೋಡಿಕೊಳ್ಳೋಣ ಎಂದಿದ್ದರು. ಆಗ ನಾನು ಸುಮ್ಮನಿದ್ದೆ, ಇರಬಾರದಿತ್ತು. ಆಮೇಲೆ ಸಮಿತಿಗೆ ಆ ತಾಯಿಯನ್ನೂ ಒಬ್ಬ ನೈಜೀರಿಯಾದ ಯುವಕನನ್ನೂ ಸೇರಿಸಿಕೊಂಡೆವು. ಸುಮ್ನೆ ಹೆಸರಿಗಲ್ಲ, ಚೆಕ್ಕಿಗೆ ಸಹಿ ಹಾಕುವ ಅಧಿಕಾರದ ಜೊತೆಗೆ.

ಅದರಿಂದ ಇನ್ನೊಂದು ತೊಡಕೂ ಬಿಡಿಸಿಕೊಂಡಿತು. ಎರಡನೆಯ ಅರ್ಜಿ ಹಾಕಿದ್ದು ಲಾಟರಿ ಹಣವನ್ನು ಜನರ ಗುಂಪುಗಳಿಗೆ ಅನುದಾನವಾಗಿ ಹಂಚುವ ನ್ಯಾಷನಲ್ ಲಾಟರಿ ಕಮ್ಯುನಿಟಿ ಫಂಡ್‌ನ 'ಅವಾರ್ಡ್ಸ್ ಫಾರ್ ಆಲ್'ಗೆ. ಇಂಗ್ಲೆಂಡಿನಲ್ಲಿ 300ರಿಂದ 20,000 ಪೌಂಡ್‌ವರೆಗೆ ಕೇಳಬಹುದು. ದೊಡ್ಡ ಸಂಸ್ಥೆ ಆಗಿರಬೇಕಿಲ್ಲ, ಆದರೆ ಬರೆದಿಟ್ಟ ನಿಯಮಾವಳಿ ಬೇಕು, ಗುಂಪಿನ ಹೆಸರಲ್ಲೇ ಬ್ಯಾಂಕ್ ಖಾತೆ ಬೇಕು, ಸಮಿತಿಯಲ್ಲಿ ಕನಿಷ್ಠ ಇಬ್ಬರು ಪರಸ್ಪರ ಸಂಬಂಧಿಗಳಲ್ಲದವರು, ಒಂದೇ ಮನೆಯಲ್ಲಿ ಇಲ್ಲದವರು ಇರಬೇಕು. ನಮ್ಮ ಕನ್ನಡದ ಗುಂಪುಗಳಲ್ಲಿ ಅಧ್ಯಕ್ಷರು ಗಂಡ, ಖಜಾಂಚಿ ಹೆಂಡತಿ, ಕಾರ್ಯದರ್ಶಿ ಭಾವಮೈದ! ನಮ್ಮದೂ ಹಾಗೇ ಇತ್ತು. ಬ್ಯಾಂಕ್ ಖಾತೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಒಂದು ಬ್ಯಾಂಕು ಕಾರಣವನ್ನೇ ಹೇಳದೆ ಬೇಡ ಎಂದಿತು. ಹಾಗಾಗಿ ಅರ್ಜಿಗಿಂತ ಮೊದಲು ಖಾತೆ ತೆರೆಯಿರಿ.

ಈ ಸಲ ಬರೆದದ್ದು ಇಷ್ಟೇ. ತಿಂಗಳಿಗೊಂದು ಭಾನುವಾರ ಕೇರ್ ಕೆಲಸದವರು ಸೇರುತ್ತಾರೆ, ಸುತ್ತಲಿನ ಬೀದಿಯವರೂ ಊಟಕ್ಕೆ ಬರುತ್ತಾರೆ. ಯಾರಿಗೆ ಏನಾಯಿತೋ ಅದನ್ನು ದಿನಾಂಕ, ಸಮಯ, ಬಸ್ ನಂಬರಿನ ಸಮೇತ ಬರೆದಿಡಲು ನಾವು ಕೂರುತ್ತೇವೆ, ಬೇಕೆಂದವರ ಪರವಾಗಿ ದೂರು ಕೊಡುತ್ತೇವೆ. ಹೀಗೆ ದೂರು ಕೊಡಲು ಸಾಧ್ಯವಾದದ್ದರ ಹಿಂದೆ ಒಂದು ಕತೆಯಿದೆ. 1993ರಲ್ಲಿ ಲಂಡನ್ನಿನ ಬಸ್‌ಸ್ಟಾಪಿನ ಹತ್ತಿರ ಸ್ಟೀಫನ್ ಲಾರೆನ್ಸ್ ಎಂಬ ಕಪ್ಪು ಹುಡುಗನ ಕೊಲೆ ಜನಾಂಗದ್ವೇಷದಿಂದ ಆಯಿತು. ತನಿಖೆ ದಾರಿತಪ್ಪಿದ್ದಕ್ಕೆ ಅವನ ತಂದೆತಾಯಿ ವರ್ಷಗಟ್ಟಲೆ ಹೋರಾಡಿದರು. ಕೊನೆಗೆ ಸರ್ಕಾರ ನಡೆಸಿದ ವಿಚಾರಣೆಯ ಮೇಲೆ 1999ರಲ್ಲಿ ಬಂದ ಮ್ಯಾಕ್‌ಫರ್ಸನ್ ವರದಿ, ಪೊಲೀಸ್ ಠಾಣೆ ಬಿಟ್ಟು ಬೇರೆ ಕಡೆಯೂ ದೂರು ಕೊಡುವಂತಿರಬೇಕು ಎಂದಿತು. ಪೆಟ್ಟು ತಿಂದವರಷ್ಟೇ ಅಲ್ಲ, ನೋಡಿದವರು ಇದು ಜನಾಂಗದ್ವೇಷ ಎಂದರೂ ಹಾಗೇ ಪರಿಗಣಿಸಬೇಕು ಎಂದೂ ಹೇಳಿತು. ನಮ್ಮ ಕೆಲಸ ನಿಂತಿರುವುದು ಆ ತಂದೆತಾಯಿ ಗಳಿಸಿಕೊಟ್ಟ ನೆಲದ ಮೇಲೆ.

ಒಟ್ಟು 9,600 ಪೌಂಡ್ ಕೇಳಿದೆವು, ಸಿಕ್ಕಿತು. ಖರ್ಚಿನ ಪಟ್ಟಿಯಲ್ಲಿ ಹಾಲ್ ಬಾಡಿಗೆ, ಊಟ, ವಿಮೆ ಎಲ್ಲರೂ ಬರೆಯುತ್ತಾರೆ. ಬಸ್ ಚಾರ್ಜು ಬರೆಯಿರಿ. ಅನುಭವ ಹೇಳಲು ಬಂದವರಿಗೆ, ಸಭೆ ನಡೆಸುವವರಿಗೆ ಸಂಭಾವನೆ ಬರೆಯಿರಿ. ಗಂಟೆ ಲೆಕ್ಕದಲ್ಲಿ ದುಡಿಯುವವರ ಭಾನುವಾರವನ್ನು ಪುಕ್ಕಟೆ ಕೇಳುವುದು ನ್ಯಾಯವಲ್ಲ. ನಾವು ಮಕ್ಕಳನ್ನು ನೋಡಿಕೊಳ್ಳುವ ಖರ್ಚು ಮರೆತೆವು, ಮೊದಲ ಎರಡು ಸಭೆಗೆ ಬಂದವರು ಬಹುತೇಕ ಗಂಡಸರೇ. ಮೂರನೆಯ ಸಭೆಗೆ ನಿಧಿಯವರಿಗೆ ಮೇಲ್ ಬರೆದು, ಅನುಮತಿ ತೆಗೆದುಕೊಂಡು, ಊಟದ ದುಡ್ಡಲ್ಲಿ ಒಂದಿಷ್ಟು ಅದಕ್ಕೆ ತಿರುಗಿಸಿದೆವು. ಆ ತಿಂಗಳು ಹಾಲ್ ತುಂಬಿತು.

ದಾವಣಗೆರೆಯ ಹುಡುಗಿ ಮೊದಲ ದೂರು ಕೊಟ್ಟದ್ದು ಐದನೆಯ ಸಭೆಯಲ್ಲಿ. ಅವಳ ಪಕ್ಕದಲ್ಲಿ ಕೂತು ಫಾರಂ ತುಂಬಿಸಿದ್ದು ಜಿಂಬಾಬ್ವೆಯ ಆ ತಾಯಿ. ಏನಾಗುತ್ತದೋ ಇನ್ನೂ ಗೊತ್ತಿಲ್ಲ, ಕಾಯುತ್ತಿದ್ದೇವೆ. ಈಗ ಮುಂದಿನ ವರ್ಷದ ಅರ್ಜಿ ಬರೆಯುತ್ತಿದ್ದೇನೆ. ಮಕ್ಕಳ ಕೋಣೆಗೆ ಇಬ್ಬರು ಬೇಕೆಂದು ಮೊದಲ ಸಾಲಿನಲ್ಲೇ ಹಾಕಿದ್ದೇನೆ.