ಕಾರ್ ಕೀ ರಿಮೋಟಿನ ಸೆಲ್: ನಾನು ಬದಲಿಸುವ ರೀತಿ

ಬಾಗಿಲ ಪಕ್ಕದಲ್ಲೇ ನಿಂತು ಎರಡು ಮೂರು ಸಲ ಒತ್ತಿದ ಮೇಲೆ ಲಾಕ್ ತೆರೆಯುವಂತಾದರೆ ರಿಮೋಟ್ ಕೆಟ್ಟಿತೆಂದುಕೊಳ್ಳಬೇಡಿ, ಮೊದಲು ಸೆಲ್ ನೋಡಿ. ಬರೀ ಮಲ್ಟಿಮೀಟರ್ ಹಿಡಿದರೆ ಮೋಸಹೋಗುತ್ತೀರಿ. ಹಳೆಯ ಸೆಲ್ ಕೂಡ ಸುಮ್ಮನಿರುವಾಗ 3 ವೋಲ್ಟ್ ಹತ್ತಿರವೇ ತೋರಿಸುತ್ತದೆ. ಗುಂಡಿ ಒತ್ತಿದಾಗ ಮಾತ್ರ ಕುಸಿಯುತ್ತದೆ. ಅದಕ್ಕೇ ಸೆಲ್ ಮೇಲೆ ಸ್ವಲ್ಪ ಹೊರೆ ಬೀಳಲೆಂದು ನಾನು ಅದಕ್ಕೆ 220 ಓಮ್ ರೆಸಿಸ್ಟರ್ ತಾಗಿಸಿ ಎರಡು ಮೂರು ಸೆಕೆಂಡ್ ಅಳೆಯುತ್ತೇನೆ. 2.6 ವೋಲ್ಟಿಗಿಂತ ಕೆಳಗಿಳಿದರೆ ಬದಲಿಸಿಬಿಡುತ್ತೇನೆ.

ಹೊಸದು ತರುವ ಮುನ್ನ ಹಳೆಯದರ ಮೇಲಿನ ನಂಬರ್ ಓದಿ. ಸಿಆರ್2032 ಅಂದರೆ 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ. ಸಿಆರ್2025ರ ಅಗಲವೂ ಅಷ್ಟೇ, ದಪ್ಪ ಮಾತ್ರ 2.5. ದಪ್ಪ ಸೆಲ್ಲಿನ ಜಾಗಕ್ಕೆ ತೆಳುವಾದದ್ದು ಹಾಕಿದರೆ ಸಡಿಲವಾಗಿ ಕೂತು, ಕೀ ಅಲುಗಿದಾಗಲೆಲ್ಲ ಕೈಕೊಡುತ್ತದೆ. ತೆಳುವಿನ ಜಾಗಕ್ಕೆ ದಪ್ಪದ್ದು ತುರುಕಿದರೆ ಸೆಲ್‌ಗೆ ತಾಗುವ ಒಳಗಿನ ಲೋಹದ ಪತ್ತಿ ಬಾಗುತ್ತದೆ. ರೀಚಾರ್ಜ್ ಆಗುವ ಎಲ್‌ಐಆರ್2032 ಬೇಡವೇ ಬೇಡ. ಪೂರ್ತಿ ಚಾರ್ಜ್ ಆದಾಗ ಅದು 4.2 ವೋಲ್ಟ್, ರಿಮೋಟ್ ಇರುವುದು 3 ವೋಲ್ಟಿಗೆ.

ಸ್ಮಾರ್ಟ್ ಕೀ ಆದರೆ ಒಳಗಿನ ಲೋಹದ ಕೀಯನ್ನು ಮೊದಲು ಎಳೆದುಕೊಳ್ಳಿ. ಮೀಟುವ ಸಂದು ಹೆಚ್ಚಾಗಿ ಅದರ ಗೂಡಿನಲ್ಲೇ ಇರುತ್ತದೆ. ಚಪ್ಪಟೆ ಸ್ಕ್ರೂಡ್ರೈವರಿನ ತುದಿಗೆ ಟೇಪ್ ಸುತ್ತಿ, ಸಂದಿಗೆ ಇಟ್ಟು, ಎತ್ತುವ ಬದಲು ತಿರುಗಿಸಿ. ಆಳಕ್ಕೆ ತೂರಿಸಿದರೆ ಬೋರ್ಡಿನ ಭಾಗಗಳೇ ಕಿತ್ತುಬರುತ್ತವೆ. ಬಿಳಿ ಬಟ್ಟೆ ಹಾಸಿ ಅದರ ಮೇಲೆ ಬಿಚ್ಚುವುದು ಒಳ್ಳೆಯದು. ಕೆಲವು ಮಡಚುವ ಕೀಗಳಲ್ಲಿ ಹುಣಸೆಬೀಜಕ್ಕಿಂತ ಚಿಕ್ಕದೊಂದು ಕಪ್ಪು ಚಿಪ್ ಬಿಡಿಯಾಗಿ ಕೂತಿರುತ್ತದೆ, ಅದು ಕಾರು ಕದಿಯದಂತೆ ತಡೆಯುವ ಇಮ್ಮೊಬಿಲೈಸರಿನದು. ಅದಕ್ಕೆ ಸೆಲ್ ಬೇಕಿಲ್ಲ, ಆದರೆ ಅದು ಕಳೆದರೆ ಬಾಗಿಲು ತೆರೆದರೂ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ.

ಹಳೆಯ ಸೆಲ್ ಎಬ್ಬಿಸುವ ಮುಂಚೆ ಪ್ಲಸ್ ಗುರುತು ಮೇಲಿದೆಯೋ ಕೆಳಗಿದೆಯೋ ಎಂದು ಒಂದು ಫೋಟೋ ತೆಗೆದಿಡಿ. ಪತ್ತಿ ಇಲ್ಲದ ಕಡೆಯಿಂದ, ಪ್ಲಾಸ್ಟಿಕ್ ಅಥವಾ ಮರದ ಕಡ್ಡಿಯಲ್ಲಿ ಎಬ್ಬಿಸಿ. ಹೊಸದನ್ನು ಅಂಚಿನಲ್ಲಿ ಹಿಡಿದು ಕೂರಿಸಿ. ಮಕ್ಕಳು ನುಂಗದಿರಲೆಂದು ಕೆಲವು ಸೆಲ್‌ಗಳಿಗೆ ಕಹಿ ಲೇಪನ ಇರುತ್ತದೆ, ಅದು ಕೆಲವೊಮ್ಮೆ ಸಂಪರ್ಕ ತಪ್ಪಿಸುತ್ತದೆ. ಪತ್ತಿ ತಾಗುವ ಜಾಗವನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದರೆ ಸಾಕು. ನೀರು ತಡೆಯುವ ರಬ್ಬರ್ ಪಟ್ಟಿಯಿದ್ದರೆ ಅದನ್ನು ಸರಿಯಾಗಿ ಕೂರಿಸದೆ ಮುಚ್ಚಬೇಡಿ. ಮಳೆಗಾಲದಲ್ಲಿ ಬೋರ್ಡ್ ಹಸಿರುಗಟ್ಟುವುದು ಅಲ್ಲಿಂದಲೇ.

ಹೊಸ ಸೆಲ್ ಹಾಕಿದರೂ ರಿಮೋಟ್ ಸತ್ತಂತಿದ್ದರೆ, ಅದನ್ನು ಕಾರಿಗೆ ಮತ್ತೆ ಹೊಂದಿಸುವ ಪ್ರೋಗ್ರಾಮಿಂಗ್‌ಗೆ ಓಡಬೇಡಿ. ಹೆಚ್ಚಿನ ರಿಮೋಟ್‌ಗಳ ನೆನಪು ಸೆಲ್ ತೆಗೆದರೆ ಅಳಿಯುವುದಿಲ್ಲ. ಸೆಲ್ ತಿರುಗುಮುರುಗಾಗಿದೆಯೇ, ಪತ್ತಿ ಚಪ್ಪಟೆಯಾಗಿದೆಯೇ ನೋಡಿ. ಚಪ್ಪಟೆಯಾಗಿದ್ದರೆ ಕೂದಲೆಳೆಯಷ್ಟು ಮೇಲೆತ್ತಿ.

ಪುಶ್ ಸ್ಟಾರ್ಟ್ ಕಾರಿನಲ್ಲಿ ದಾರಿ ಮಧ್ಯೆ ಸೆಲ್ ಪೂರ್ತಿ ಹೋದರೆ, ಲೋಹದ ಕೀಯಿಂದ ಬಾಗಿಲು ತೆರೆದು, ರಿಮೋಟನ್ನೇ ಸ್ಟಾರ್ಟ್ ಗುಂಡಿಗೆ ತಾಗಿಸಿ, ಬ್ರೇಕ್ ಒತ್ತಿ ಸ್ಟಾರ್ಟ್ ಮಾಡಿ. ಮ್ಯಾನುಯಲ್ ಗೇರ್ ಆದರೆ ಕ್ಲಚ್ ಒತ್ತಬೇಕು. ಕೆಲವು ಕಾರುಗಳಲ್ಲಿ ತಾಗಿಸುವ ಜಾಗ ಬೇರೆ, ಕೈಪಿಡಿಯಲ್ಲಿ ಈಗಲೇ ನೋಡಿಟ್ಟುಕೊಳ್ಳಿ.

ತೆಗೆದ ಸೆಲ್‌ನ ಎರಡೂ ಮುಖಕ್ಕೆ ಟೇಪ್ ಅಂಟಿಸಿ, ಇ-ತ್ಯಾಜ್ಯಕ್ಕೆ ಕೊಡುವ ತನಕ ಮಕ್ಕಳ ಕೈಗೆ ಎಟುಕದಂತೆ ಇಡಿ. ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಿ.